ಅಳತೆಯ ಪ್ಯಾಂಟು

"ಅಜ್ಜಾರ, ಒಬ್ಬರ ಮನಸ್ಸು ನೋಯಬಾರದು ಅಂತ ಹೇಳೋ ಸುಳ್ಳು ಪಾಪ ಆಗತೈತೇನ್ರಿ?" ಎಂದು ಸೋಮಲಿಂಗ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಯಾರಿಗೆ ಹೇಳಿದೆ, ಏನು ಹೇಳಿದೆ ಎಂದು ವಿಚಾರಿಸಿದರು.

ಸೋಮಲಿಂಗ ಹೇಳಿದ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ದೊಡ್ಡಪ್ಪ, ತಮ್ಮೂರಿನ ಬಸವಣ್ಣನ ಗುಡಿಯಲ್ಲಿ ಶ್ರಾವಣ ಮಾಸ ಪೂರ್ತಿ ಪುರಾಣ ಓದುತ್ತಾರೆ. ನಲವತ್ತು ಶ್ರಾವಣ ಓದಿದ್ದಾರೆ. ಎರಡು ವರ್ಷದಿಂದ ಅವರ ಕಣ್ಣು ಮಂಜಾಗಿದೆ. ಸಾಲು ತಪ್ಪುತ್ತದೆ; ಪುರಾಣದಲ್ಲಿ ಒಬ್ಬರಾಡಿದ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಹಿಂದೆ ಕುಳಿತವರು ಟವೆಲ್ ಅಡ್ಡ ಹಿಡಿದು ನಗುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ದೊಡ್ಡಪ್ಪ ದಿನಾಲೂ ಕೇಳುತ್ತಾರೆ, ಇವತ್ತಿನ ಓದು ಹೇಗಾಯಿತು ಎಂದು. ಮೊದಲಿನ ಹಾಗೇ ಆಯಿತು ಎಂದು ಇವನು ದಿನಾಲೂ ಹೇಳುತ್ತಾನೆ.

"ಪಾಪ ಅಂದ್ರ ಬಿಡ್ತೀಯೇನು? ಪುಣ್ಯ ಅಂದ್ರ ಇನ್ನೂ ನಾಕು ಹೇಳ್ತಿ" ಎಂದು ಗುರುಗಳು ನಕ್ಕರು. ಶೇಂಗಾದ ಬುಟ್ಟಿಯನ್ನು ಅವನ ಮುಂದೆ ಸರಿಸಿದರು. "ಸುಲಿ. ಒಂದು ಕತಿ ಹೇಳ್ತೀನಿ."

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅರಿವೆ ಅಂಗಡಿಯ ಕಟ್ಟೆಯ ಮೇಲೆ ಅವನ ಹೊಲಿಗೆ ಮಷಿನ್. ಕೊರಳಿಗೆ ಟೇಪು, ಕಿವಿಗೆ ಗುರುತು ಹಾಕುವ ಪೆನ್ಸಿಲು. ಅದೇ ಊರಿನ ಹೈಸ್ಕೂಲಿನಲ್ಲಿ ಒಬ್ಬ ಡ್ರಿಲ್ ಮಾಸ್ತರರಿದ್ದರು. ದರ್ಜಿ ಮಷಿನ್ ಇಟ್ಟದ್ದೂ ಮಾಸ್ತರರು ನೌಕರಿಗೆ ಸೇರಿದ್ದೂ ಒಂದೇ ವರ್ಷ, ಒಂದೇ ಜೂನ್ ತಿಂಗಳು. ಮಾಸ್ತರರ ಮೊದಲ ಬಿಳಿ ಡ್ರಿಲ್ ಪ್ಯಾಂಟನ್ನು ಹೊಲಿದವನು ಅವನೇ. ಅವನು ಆ ಕಟ್ಟೆಯ ಮೇಲೆ ಕತ್ತರಿಸಿದ ಮೊದಲ ಪ್ಯಾಂಟೂ ಅದೇ. ಸೊಂಟ ಮೂವತ್ತು ಇಂಚು. ಮಾಸ್ತರರು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅರಿವೆ ಅಂಗಡಿಯವನು ತಕ್ಕಡಿ ಬಿಟ್ಟು ಬಂದು ನೋಡಿದ್ದನೆಂದು ದರ್ಜಿ ಮುಂದೆ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ. ಅರಿವೆ ಅಂಗಡಿಯಲ್ಲಿ ತಕ್ಕಡಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಆ ಕಡೆ ಒಂದು ರೂಢಿಯಿದೆ, ನೀನೂ ಬಲ್ಲೆ. ಹೊಸ ಬಟ್ಟೆ ಹೊಲಿಸುವಾಗ ಮೈಗೆ ಸರಿಯಾಗಿ ಕೂತ ಹಳೆಯ ಬಟ್ಟೆಯೊಂದನ್ನು ದರ್ಜಿಯ ಕೈಗೆ ಕೊಡುತ್ತಾರೆ. ಇದರ ಅಳತೆಗೇ ಹೊಲಿ ಎನ್ನುತ್ತಾರೆ. ಮಾಸ್ತರರು ಆ ಮೊದಲ ಪ್ಯಾಂಟನ್ನು ಅಳತೆಗೆಂದು ಎತ್ತಿಟ್ಟರು. ಮಾರನೆಯ ಜೂನಿನಲ್ಲಿ ಹೊಸ ಬಟ್ಟೆಯ ಜೊತೆ ಅದನ್ನು ತಂದರು. ಅದರ ಮಾರನೆಯ ಜೂನಿನಲ್ಲೂ ತಂದರು. ದರ್ಜಿ ಟೇಪು ಹಿಡಿದು ಎದ್ದರೆ ಕೈಯಡ್ಡ ಮಾಡುತ್ತಿದ್ದರು. ಅಳತೆ ಇರುವಾಗ ಟೇಪು ಯಾಕೆ, ನನ್ನ ಮೈ ಏನು ಹಿಗ್ಗುತ್ತದೆಯೋ ಕುಗ್ಗುತ್ತದೆಯೋ ಎನ್ನುತ್ತಿದ್ದರು. ಡ್ರಿಲ್ ಮಾಸ್ತರರೆಂದರೆ ಮೈಯೇ ಅವರ ಪುಸ್ತಕ, ಮೈಯೇ ಅವರ ಡಿಗ್ರಿ. ಆ ಮಾತಿಗೆ ಎದುರಾಡುವ ಧೈರ್ಯ ದರ್ಜಿಗೆ ಇರಲಿಲ್ಲ.

ಮೂರನೆಯ ವರ್ಷದ ಹೊತ್ತಿಗೆ ಮಾಸ್ತರರಿಗೆ ಮದುವೆಯಾಗಿತ್ತು. ಹೊಸ ಸಂಸಾರ, ಕೈ ತುಂಬ ತುಪ್ಪ. ಕೊಟ್ಟ ಅಳತೆಗೆ ದರ್ಜಿ ಒಂದು ನೂಲೂ ಹೆಚ್ಚುಕಡಿಮೆ ಮಾಡದೆ ಹೊಲಿದುಕೊಟ್ಟ. ಆಗಸ್ಟ್ ಹದಿನೈದರಂದು ಧ್ವಜಕ್ಕೆ ಸಲಾಮು ಹೊಡೆದು ನಿಂತ ಮಾಸ್ತರರ ಮುಖ ಕೆಂಪಗಾಗಿದ್ದನ್ನು ಅವನು ಬೇಲಿಯಾಚೆಯಿಂದ ನೋಡಿದ. ಉಸಿರು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೈಯಿಂದ ಜಾರಿ ಬಿದ್ದ ಸೀಟಿಯನ್ನು ಎತ್ತಿಕೊಳ್ಳಲು ಬಗ್ಗಿದಾಗ ಹಿಂದಿನ ಹೊಲಿಗೆ ಪರ್ರೆಂದಿತು. ಮಾಸ್ತರರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಗೋಡೆಗೆ ಬೆನ್ನು ಹಚ್ಚಿದರು. ಭಾಷಣ ಮುಗಿದು ಜನ ಕರಗುವವರೆಗೂ ಅಲ್ಲಿಂದ ಕದಲಲಿಲ್ಲ. ಬಟ್ಟೆ ಹರಿದದ್ದು ಅವರದು, ಮಾನ ಹೋದದ್ದು ತನ್ನದು ಎಂದು ದರ್ಜಿಗೆ ಅನ್ನಿಸಿತು. ಆ ದಿನ ಅವನು ಊಟ ಮಾಡಲಿಲ್ಲ.

ಮರುವರ್ಷ ಮಾಸ್ತರರು ಬಂದಾಗ ಅವನು ಬೇರೆ ದಾರಿ ಹಿಡಿದ. ಬೆಂಚಿನ ಮೇಲೆ ಕೂರಿಸಿ ಚಹ ತರಿಸಿದ. ಕೂತ ಮನುಷ್ಯನ ಸೊಂಟದ ಬೆಲ್ಟು ನೋಡಿದ. ಬೆಲ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ. ಯಾವ ತೂತಿನಲ್ಲಿ ಕೊಕ್ಕೆ ಕೂತಿದೆ, ಹಿಂದಿನ ವರ್ಷದ ತೂತಿನ ಸುತ್ತ ತೊಗಲು ಎಷ್ಟು ಸುಕ್ಕಾಗಿದೆ ಎಂದು ಕಣ್ಣಲ್ಲೇ ಎಣಿಸಿದ. ಮನಸ್ಸಿನಲ್ಲಿ ಒಂದಿಂಚು ಕೂಡಿಸಿದ. ಹಿಂದಿನ ಹೊಲಿಗೆಯ ಒಳಗೆ ಇನ್ನೊಂದೂವರೆ ಇಂಚು ಬಟ್ಟೆ ಮಡಚಿಟ್ಟ, ಬೇಕಾದಾಗ ಬಿಚ್ಚಲು. ಪ್ಯಾಂಟು ಸಿದ್ಧವಾದ ದಿನ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಮಡಚಿ ಕೊಟ್ಟು, "ಅಳತಿ ಅದ ಐತ್ರಿ ಸರ, ಒಂದು ನೂಲೂ ಬದಲಿಲ್ಲ" ಎಂದ. ಮಾಸ್ತರರು ಹೊಟ್ಟೆಯನ್ನು ಎರಡೇಟು ಬಡಿದುಕೊಂಡು ಗಹಗಹಿಸಿ ನಕ್ಕರು.

ಅಂದಿನಿಂದ ಪ್ರತಿ ಜೂನಿನಲ್ಲೂ ಅದೇ ಚಹ, ಅದೇ ಬೆಂಚು, ಅದೇ ಮಾತು. ಒಂದು ವರ್ಷ ಮಾತ್ರ ತಪ್ಪಿತು. ದರ್ಜಿ ಹೆಂಡತಿಯನ್ನು ಕರೆದುಕೊಂಡು ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದ. ಮಾಸ್ತರರು ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ದರ್ಜಿಗೆ ಬಟ್ಟೆ ಕೊಟ್ಟರು. ಅವನು ಪ್ರಾಮಾಣಿಕ. ಕೊಟ್ಟ ಅಳತೆಗೆ ಕರಾರುವಾಕ್ಕಾಗಿ ಹೊಲಿದ. ಆ ಪ್ಯಾಂಟು ಮಾಸ್ತರರ ತೊಡೆ ದಾಟಿ ಮೇಲೆ ಬರಲಿಲ್ಲ. ಅವನಿಗೆ ಕತ್ತರಿ ಹಿಡಿಯಲು ಬರುವುದಿಲ್ಲ ಎಂದು ಮಾಸ್ತರರು ಊರೆಲ್ಲ ಸಾರಿದರು. ಬಣ್ಣಗೆಟ್ಟ ಹಳೆಯ ಪ್ಯಾಂಟಿನಲ್ಲೇ ಎರಡು ತಿಂಗಳು ಕಳೆದು ತಮ್ಮ ದರ್ಜಿ ಬರುವುದನ್ನು ಕಾದರು. ಪಾಪ, ಆ ಹೊಸಬ ಮಾಡಿದ ತಪ್ಪು ಏನೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಹೀಗೆ ಸೊಂಟ ಮೂವತ್ತಿದ್ದದ್ದು ಮೂವತ್ತೊಂದಾಯಿತು, ಮೂವತ್ತಮೂರಾಯಿತು, ಕೊನೆಗೆ ಮೂವತ್ತೆಂಟಾಯಿತು. ಬಾಯಲ್ಲಿ ಮಾತ್ರ ಮೂವತ್ತೇ ಉಳಿಯಿತು. ನಿವೃತ್ತಿಯಾದ ಮೇಲೆ ಮಾಸ್ತರರು ಹೊಸ ಪ್ಯಾಂಟು ಹೊಲಿಸುವುದನ್ನು ಬಿಟ್ಟರು. ಇದ್ದವೇ ಸಾಕು ಎಂದರು. ದಿನಾ ಸಂಜೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿ, ಬೆಲ್ಟು ಬಿಗಿದು, ಶಾಲೆಯ ಮೈದಾನದ ಕಲ್ಲಿನ ಮೇಲೆ ಕುಳಿತು ಆಟ ನೋಡುತ್ತಿದ್ದರು. ಹೋಗುವಾಗ ದರ್ಜಿಯ ಕಟ್ಟೆಯ ಮುಂದೆ ಹಾದು ಕೈಯೆತ್ತುತ್ತಿದ್ದರು.

ದರ್ಜಿಯ ದಿನಗಳೂ ಬದಲಾದವು. ಸಿದ್ಧ ಉಡುಪಿನ ಅಂಗಡಿಗಳು ಬಂದವು. ಜನ ಪ್ಯಾಂಟು ಹೊಲಿಸುವುದನ್ನು ಮರೆತರು. ಜಿಪ್ಪು ಬದಲಿಸಲು, ಕಾಲು ಗಿಡ್ಡ ಮಾಡಲು ಮಾತ್ರ ಅವನ ಹತ್ತಿರ ಬಂದರು. ಜೂನ್ ತಿಂಗಳು ಬಂದರೆ ಅವನಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು. ಹಿಂದೆ ಆ ತಿಂಗಳೆಂದರೆ ಕಟ್ಟೆಯ ತುಂಬ ಖಾಕಿ, ಬಿಳಿ, ನೀಲಿ ಬಟ್ಟೆಯ ಗಂಟುಗಳು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಮಷಿನಿನ ಸಪ್ಪಳಕ್ಕೆ ಪಕ್ಕದವರು ಬೈಯುತ್ತಿದ್ದರು. ಆ ಬೈಗುಳ ಇನ್ನೊಮ್ಮೆ ಕೇಳಿದರೆ ಸಾಕೆಂದು ಅವನಿಗೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಚಹ ಕುಡಿಯುತ್ತ ಕೂತ ಆ ಮನುಷ್ಯನ ಬೆಲ್ಟನ್ನು ಕದ್ದು ನೋಡುವ ಸುಖ ನೆನಪಾಗುತ್ತಿತ್ತು.

ಒಂದು ಸಲ ಮಳೆಗಾಲ ಪೂರ್ತಿ ಮಾಸ್ತರರು ಆ ದಾರಿಯಲ್ಲಿ ಕಾಣಲಿಲ್ಲ. ಬನ್ನಿ ಹಬ್ಬ ಮುಗಿದ ಮೇಲೆ ಅವರ ಹೆಂಡತಿ ಕಟ್ಟೆಗೆ ಬಂದರು. ಕೈಯಲ್ಲಿ ಒಂದು ಗಂಟು. ಬಿಚ್ಚಿದರೆ ಎರಡೂವರೆ ಮೀಟರ್ ಬಿಳಿ ಬಟ್ಟೆ, ಅದರ ಮೇಲೆ ಅಳತೆಯ ಪ್ಯಾಂಟು.

"ಮೈಯಾಗ ನೀರು ತುಂಬಾಕತ್ತೈತ್ರಿ, ಅಣ್ಣಾರ" ಎಂದರು ಆಕೆ. "ಸೋಮವಾರ ಹೊಟ್ಟಿ ಇಷ್ಟು ದೊಡ್ಡದು. ಗುಳಗಿ ತಗೊಂಡ್ರ ಗುರುವಾರಕ್ಕ ಇಳೀತೈತಿ. ಯಾವ ಪ್ಯಾಂಟೂ ಎರಡು ದಿನ ನಿಂದ್ರಾಂಗಿಲ್ಲ. ದಿನಾ ಅಡ್ಡಾಡಬೇಕು, ಮಲಗಿದ್ರ ಮಲಗಿದಂಗ ಆಕ್ಕಾರ ಅಂತ ಡಾಕ್ಟರ್ ಹೇಳ್ಯಾರ. ಇವರು ಲುಂಗಿ ಉಟ್ಟು ಹೊಸ್ತಿಲ ದಾಟಂಗಿಲ್ಲ ಅಂತಾರ. ನಾಕು ತಿಂಗಳಾತು. ದವಾಖಾನಿಯೊಳಗ ಒಬ್ಬರು ಸೊಂಟಕ್ಕ ಬನಿಯನ್ ಅರಿವಿ ಇದ್ದ ಪ್ಯಾಂಟ್ ಹಾಕ್ಕೊಂಡಿದ್ರು. ಹಿಗ್ಗತಿತ್ತು, ಕುಗ್ಗತಿತ್ತು. ಅಂಥಾದ್ದು ಆಗ್ತೈತೇನ್ರಿ?"

ಇಂಥ ಪ್ಯಾಂಟಿನ ಮಾತು ಮಾಸ್ತರರಿಗೆ ಗೊತ್ತೇ ಎಂದು ದರ್ಜಿ ಕೇಳಿದ. ಆಕೆ ಸೆರಗಿನಿಂದ ಕಣ್ಣೊರಸಿಕೊಂಡರು. ಅವರು ಅಳತೆ ಅದೇ ಎಂದು ಹೇಳಿ ಕಳಿಸಿದ್ದಾರೆ ಎಂದರು.

ದರ್ಜಿ ಹೂಂ ಎಂದ. ಆದರೆ ಆಕೆ ಹೋದ ಮೇಲೆ ಅವನಿಗೆ ಕೈಯಾಡಲಿಲ್ಲ. ಜನ್ಮವಿಡೀ ಸೊಂಟದ ಪಟ್ಟಿಯೊಳಗೆ ಬಕ್ರಂ ಎಂಬ ದಪ್ಪ ಬಿರುಸು ಅರಿವೆ ಇಟ್ಟು, ಕಾಗದದಂತೆ ಗರಿಗರಿ ನಿಲ್ಲಿಸಿದವನು ಅವನು. ಜಗ್ಗಿದರೆ ಜಗ್ಗುವ ಬಟ್ಟೆಯನ್ನು ಅವನು ಬಟ್ಟೆಯೆಂದೇ ಲೆಕ್ಕಕ್ಕಿಟ್ಟಿರಲಿಲ್ಲ. ಅಳತೆಯ ಪ್ಯಾಂಟನ್ನು ತೊಡೆಯ ಮೇಲೆ ಹರವಿಕೊಂಡ. ಮಡಿಕೆಗಳಲ್ಲಿ ಹಳದಿಗಟ್ಟಿತ್ತು. ಹೊಲಿಗೆ ಮಾತ್ರ ಹಾಗೇ ಇತ್ತು. ಸಣ್ಣ ಸಣ್ಣ, ಒತ್ತೊತ್ತಾದ, ಗೆರೆ ಹೊಡೆದಂಥ ಹೊಲಿಗೆ. ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಉಸಿರು ಬಿಗಿಹಿಡಿದು ಹಾಕಿದ ಹೊಲಿಗೆ ಅದು. ಆ ಹುಡುಗ ತಾನೇ ಎಂಬುದು ನೆನಪಾಗಿ ಅವನಿಗೆ ಅಳು ಬಂತು. ಗಿರಾಕಿ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಅತ್ತ.

ಸಂತೆಯಲ್ಲಿ ಬನಿಯನ್ ಬಟ್ಟೆಯ ತುಂಡು ಮಾರುವವನೊಬ್ಬ ಕೂರುತ್ತಿದ್ದ. ಅವನ ಹತ್ತಿರ ಗೆರೆಗೆರೆಯಾಗಿ ನೇಯ್ದ ದಪ್ಪ ಬಟ್ಟೆ ಸಿಕ್ಕಿತು, ಸ್ವೆಟರಿನ ಕೈ ತುದಿಗೆ ಹಾಕುವಂಥದ್ದು. ದರ್ಜಿ ಅದನ್ನು ತನ್ನ ರೂಢಿಯಂತೆ ಮಾಸ್ತರರ ಮೂವತ್ತೆಂಟಿಂಚು ಸೊಂಟದ ಅಳತೆಗೇ ಕತ್ತರಿಸಿದ. ಹೊಲಿದು, ತಾನೇ ಹಾಕಿಕೊಂಡು ನೋಡಿದ. ಅವನದೂ ಹೆಚ್ಚುಕಡಿಮೆ ಅಷ್ಟೇ ಸೊಂಟ. ನಾಲ್ಕು ಹೆಜ್ಜೆ ನಡೆಯುವುದರೊಳಗೆ ಪ್ಯಾಂಟು ಮೊಣಕಾಲಿಗೆ ಬಂತು. ನೀರು ತರಲು ಹೊರಟಿದ್ದ ಅವನ ಹೆಂಡತಿ ಕೊಡ ಕೆಳಗಿಟ್ಟು ನಕ್ಕಳು. ಜಗ್ಗುವ ಬಟ್ಟೆ ಮೈಗಿಂತ ಚಿಕ್ಕದಾಗಿರಬೇಕು, ಆಗಲೇ ಅದು ಮೈಯನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವನಿಗೆ ಆ ವಯಸ್ಸಿನಲ್ಲಿ ತಿಳಿಯಿತು.

ಬಿಚ್ಚಿದ. ಈ ಸಲ ಪಟ್ಟಿಯನ್ನು ಐದರಲ್ಲೊಂದು ಪಾಲು ಕಡಿಮೆ ಮಾಡಿದ. ಪಟ್ಟಿಗೆ ಸರಿಹೊಂದಲೆಂದು ಪ್ಯಾಂಟಿನ ಬಾಯಿಯನ್ನು ಅಲ್ಲಲ್ಲಿ ಹಿಡಿದು ನೆರಿಗೆ ಹಾಕಿ, ತನ್ನ ಹಳೆಯ ಒತ್ತೊತ್ತಾದ ಹೊಲಿಗೆಯನ್ನೇ ಹಾಕಿದ. ಹಾಕಿಕೊಳ್ಳಲು ಹೋದಾಗ ಪಟಪಟನೆ ದಾರ ಕಡಿಯಿತು. ಬಟ್ಟೆಗೆ ಏನೂ ಆಗಿರಲಿಲ್ಲ. ಊರೆಲ್ಲ ಮೆಚ್ಚಿದ ಅವನ ಹೊಲಿಗೆಯೇ ತಡೆಯಲಿಲ್ಲ. ಅದನ್ನು ನೋಡಿ ಅವನಿಗೆ ಸಿಟ್ಟು ಬಂತು. ಕತ್ತರಿ ಎಸೆದು ಎದ್ದುಹೋದ. ಚಹ ಕುಡಿದು ಮತ್ತೆ ಬಂದು ಕೂತ.

ಮೂರನೆಯ ಸಲ ಪಟ್ಟಿಯನ್ನು ನಾಲ್ಕು ಪಾಲು ಮಾಡಿ ಸೀಮೆಸುಣ್ಣದಿಂದ ಗುರುತು ಹಾಕಿದ. ಪ್ಯಾಂಟಿನ ಬಾಯಿಗೂ ನಾಲ್ಕು ಗುರುತು ಹಾಕಿದ. ಗುರುತಿಗೆ ಗುರುತು ಸೇರಿಸಿ ಗುಂಡುಸೂಜಿ ಚುಚ್ಚಿದ. ಮಷಿನಿನ ದಾರದ ಬಿಗಿ ಸಡಿಲಿಸಿದ. ಹೊಲಿಗೆಯನ್ನು ಉದ್ದ ಮಾಡಿದ. ಎಡಗೈಯಿಂದ ಹಿಂದಕ್ಕೆ, ಬಲಗೈಯಿಂದ ಮುಂದಕ್ಕೆ ಬನಿಯನ್ ಪಟ್ಟಿಯನ್ನು ಜಗ್ಗಿ ಹಿಡಿದು ಮೆಲ್ಲಗೆ ಮಷಿನ್ ತುಳಿದ. ಕೈ ಬಿಟ್ಟಾಗ ಪಟ್ಟಿ ತಾನಾಗಿ ಕುಗ್ಗಿತು, ದಾರವೂ ಅದರ ಜೊತೆ ಕುಗ್ಗಿತು. ಜಗ್ಗಿದರೆ ಎರಡೂ ಒಟ್ಟಿಗೆ ಹಿಗ್ಗಿದವು. ಹೊಲಿಗೆ ನೋಡಲು ಚೆನ್ನಾಗಿರಲಿಲ್ಲ. ಬೇರೆಯವರು ಹೊಲಿದಿದ್ದರೆ ಅವನೇ ಆಡಿಕೊಳ್ಳುತ್ತಿದ್ದ.

ಪಟ್ಟಿಯನ್ನು ಹಿಂದೆ ಮತ್ತು ಪಕ್ಕಕ್ಕೆ ಮಾತ್ರ ಬರುವಂತೆ ಇಟ್ಟಿದ್ದ. ಅಂಗಿ ಇಳಿಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಭಾಗವನ್ನು ಮೊದಲಿನಂತೆಯೇ ಮಾಡಿದ. ಬಕ್ರಂ ಹಾಕಿದ ಪಟ್ಟಿ, ಬರೀ ತೋರಿಕೆಗೆ ಬಿಚ್ಚದ ಒಂದು ಗುಂಡಿ, ಎರಡು ನೆರಿಗೆ, ಬೆಲ್ಟು ತೂರಿಸುವ ಕುಣಿಕೆಗಳು. ಆ ಬೆಲ್ಟಿಗೆ ಇನ್ನು ಕೆಲಸವಿಲ್ಲವೆಂದು ಗೊತ್ತಿದ್ದೂ ಕುಣಿಕೆಗಳನ್ನು ಗಟ್ಟಿಯಾಗಿಯೇ ಕೂರಿಸಿದ.

ಪ್ಯಾಂಟನ್ನು ತಾನೇ ಒಯ್ದ. ಮಾಸ್ತರರು ಲುಂಗಿಯುಟ್ಟು ಕಾಟಿನ ಮೇಲೆ ಕುಳಿತಿದ್ದರು. ಮುಖ ಸಣ್ಣದಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಆ ಮೈಯನ್ನು ನೋಡಿಯೂ ದರ್ಜಿ ಏನೂ ಕಾಣದವನಂತೆ ಗಂಟು ಕೊಟ್ಟು ಬಾಗಿಲ ಬಳಿ ಕೂತ. ಮಾಸ್ತರರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಹೆಂಡತಿ ಎರಡು ಸಲ ಬಾಗಿಲಿನವರೆಗೆ ಹೋಗಿ ಬಂದರು. ಬೇಡ ಎಂದು ಗಂಟನ್ನು ಹೊರಗೆ ಎಸೆಯುತ್ತಾರೆ ಎಂದೇ ದರ್ಜಿ ಕಾದ.

ಬಾಗಿಲು ತೆರೆಯಿತು. ಮಾಸ್ತರರು ಬಿಳಿ ಪ್ಯಾಂಟಿನಲ್ಲಿ ನಿಂತಿದ್ದರು. ದರ್ಜಿ ಎದ್ದು ನಿಂತು, "ಅಳತಿ ಅದ ಐತ್ರಿ ಸರ" ಎಂದ.

ಮಾಸ್ತರರು ಹೆಬ್ಬೆರಳಿನಿಂದ ಪಕ್ಕದ ಪಟ್ಟಿಯನ್ನು ಜಗ್ಗಿದರು. ಬಿಟ್ಟರು. ಅದು ಪಟ್ಟೆಂದು ಮೈಗೆ ಬಂದು ಕೂತಿತು.

"ಟೇಲರ್, ಮಕ್ಕಳ ಎದಿ ಎಷ್ಟು, ಎತ್ತರ ಎಷ್ಟು ಅಂತ ವರ್ಷಾ ಬರಕೊಂಡಾಂವ ನಾನು. ನನ್ನ ಮೇಜಿನ ಖಾನೆದಾಗ ಟೇಪ್ ಇತ್ತೋ ಇಲ್ಲೋ?"

ದರ್ಜಿ ತಲೆ ತಗ್ಗಿಸಿದ. "ಇತ್ರಿ. ಹಂಗಾದ್ರ ಪ್ರತಿ ಜೂನಿಗೆ ಅದ ಪ್ಯಾಂಟ್ ಯಾಕ ತರತಿದ್ರಿ, ಸರ?"

"ಮೂವತ್ತು ಅಂತ ನಿನ್ನ ಬಾಯಿಲೆ ಕೇಳಾಕ ಹಿತ ಅನಸ್ತಿತ್ತು. ಇಲ್ಲ ಅನ್ನಂಗಿಲ್ಲ" ಎಂದರು ಮಾಸ್ತರರು. "ಆದ್ರ ಅಷ್ಟು ಹೇಳಾಕ ಊರಾಗ ಮಂದಿ ಕಡಿಮಿ ಇರಲಿಲ್ಲ. ಹೆಡ್ ಮಾಸ್ತರ ಹೇಳತಿದ್ರು, ಜವಾನ ಹೇಳತಿದ್ದ. ಅವರ ಮಾತು ನಂಬಿ ಮೈದಾನದಾಗ ಬಗ್ಗಿದ್ರ ನನ್ನ ಮಾನ ಉಳೀತಿರಲಿಲ್ಲ. ನೀ ಹೊಲಿದದ್ದು ಹಾಕ್ಕೊಂಡು ಮೂವತ್ತು ವರ್ಷ ಬಗ್ಗೀನಿ, ಕುಂತೀನಿ, ಓಡೀನಿ. ಒಬ್ಬರೂ ನಕ್ಕಿಲ್ಲ."

ಮಾಸ್ತರರ ಹೆಂಡತಿ ಗೂಟದ ಮೇಲಿದ್ದ ಅಂಗಿ ತಂದುಕೊಟ್ಟರು.

ಆ ಸಂಜೆ ಮಾಸ್ತರರು ಮೈದಾನದವರೆಗೆ ನಡೆದರು. ದಾರಿಯಲ್ಲಿ ಮೂರು ಕಡೆ ಕೂತರು, ಮೂರು ಸಲ ಎದ್ದರು. ದರ್ಜಿ ಅವರ ಪಕ್ಕದಲ್ಲೇ ನಡೆದ. ಯಾವ ವರ್ಷ ಯಾವ ಬಟ್ಟೆ ಹೊಲಿಸಿದ್ದು, ಆ ವರ್ಷ ಮಳೆ ಯಾವಾಗ ಬಂದದ್ದು, ಕಟ್ಟೆಯ ಚಹದಂಗಡಿಯವನು ಎಷ್ಟು ಸಕ್ಕರೆ ಸುರಿಯುತ್ತಿದ್ದುದು ಎಂದು ಇಬ್ಬರೂ ಮಾತಾಡಿಕೊಂಡರು. ಅಷ್ಟು ಸಕ್ಕರೆಯಿಂದಲೇ ಸೊಂಟ ಕೆಟ್ಟಿತು ಎಂದು ಮಾಸ್ತರರು ಚಹ ತರಿಸುತ್ತಿದ್ದ ದರ್ಜಿಯ ಮೇಲೆ ಅಪವಾದ ಹೊರಿಸಿದರು. ಮಾರನೆಯ ದಿನವೂ ನಡೆದರು. ಹೊಟ್ಟೆ ಉಬ್ಬಿದ ದಿನವೂ ನಡೆದರು, ಇಳಿದ ದಿನವೂ ನಡೆದರು. ಆಮೇಲೆ ಎಷ್ಟು ವರ್ಷ ಬದುಕಿದರು ಎಂದು ಕೇಳಬೇಡ. ಬದುಕಿರುವವರೆಗೂ ಹೊಸ್ತಿಲು ದಾಟಿದರು.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಗಳನ್ನು ಕಟ್ಟೆಯಿಂದ ಕೆಳಗೆ ಸರಿಸಿದರು. ಸೋಮಲಿಂಗನ ಮುಖ ಅರಳಿತ್ತು. ಎದೆಯ ಮೇಲಿನ ಭಾರ ಇಳಿದವನಂತೆ ಅವನು ಉಸಿರುಬಿಟ್ಟ.

"ಹಂಗಾದ್ರ ನಾ ಹೇಳೋದರಾಗ ತಪ್ಪಿಲ್ಲ ಅಂದಂಗಾತಲ್ರಿ, ಅಜ್ಜಾರ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನೀ ಏನು ಹೇಳ್ತಿ ಅನ್ನೋದು ಆಗಲೇ ಕೇಳೀನಿ, ತಮ್ಮಾ. ದೊಡ್ಡಪ್ಪಗ ಏನು ಹೊಲಿದು ಕೊಟ್ಟಿ, ಅದನ್ನ ಹೇಳು."